ನೋಟಕನ ಒಂದು ದಿನ

ಆಟವನ್ನು ಕುರಿತು ಮಾತನಾಡುವವರು ಸಾಮಾನ್ಯವಾಗಿ ಆಟಗಾರರ ಪಕ್ಷವನ್ನೇ ವಹಿಸುತ್ತಾರೆ. ದಾಂಡು ಹಿಡಿದವನಿಗೆ ಕೀರ್ತಿಯುಂಟು. ಚೆಂಡು ಎಸೆದವನಿಗೆ ಲೆಕ್ಕದ ಪುಸ್ತಕದಲ್ಲಿ ಸ್ಥಾನವುಂಟು. ಬಿಸಿಲಿನಲ್ಲಿ ಕುಳಿತು ಎಲ್ಲವನ್ನೂ ನೋಡಿದ ಸಾವಿರಾರು ಮಂದಿಗೆ ಮಾತ್ರ ಅಲ್ಲಿ ಹೆಸರಿಲ್ಲ. ಆದುದರಿಂದ ಇಂದು ನಾವು ಆ ಹೆಸರಿಲ್ಲದವರ ಪರವಾಗಿ, ಅವರಲ್ಲೊಬ್ಬರಾಗಿ, ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ಬಸವಕಲ್ಯಾಣ, ಹುಮನಾಬಾದುಗಳ ಕಡೆಯವರಾದ ನಮಗೆ ದೊಡ್ಡ ಕ್ರಿಕೆಟ್ ಪಂದ್ಯವೆಂದರೆ ಹೈದರಾಬಾದು. ಬೆಂಗಳೂರು 600 ಕಿಲೋಮೀಟರಿಗೂ ಹೆಚ್ಚು ದೂರ. ಹೈದರಾಬಾದಾದರೋ ಹುಮನಾಬಾದಿನಿಂದ ಸುಮಾರು 150. ಇದಕ್ಕೆ ಹಳೆಯ ಸಂಬಂಧವೂ ಉಂಟು. 1955ರ ನವೆಂಬರಿನಲ್ಲಿ ಅಲ್ಲಿನ ಫತೇಮೈದಾನದಲ್ಲಿ ಮೊತ್ತಮೊದಲ ಟೆಸ್ಟ್ ಪಂದ್ಯ ನಡೆದಾಗ ಹೈದರಾಬಾದು ನಮ್ಮ ರಾಜಧಾನಿಯೇ ಆಗಿದ್ದಿತು. ಆ ಊರಿನವರೇ ಆದ ಗುಲಾಮ್ ಅಹಮದರು ಭಾರತದ ನಾಯಕರು, ಎದುರಾಳಿಗಳು ನ್ಯೂಜಿಲೆಂಡಿನವರು. ಪಾಲಿ ಉಮ್ರಿಗರರು 223 ರನ್ನು ಹೊಡೆದು, ಟೆಸ್ಟ್ ಆಟದಲ್ಲಿ ಇನ್ನೂರನ್ನು ಮುಟ್ಟಿದ ಮೊದಲ ಭಾರತೀಯರಾದರು. ಮರುವರ್ಷ, 1956ರ ನವೆಂಬರ್ 1ರಂದು, ನಮ್ಮ ಊರುಗಳು ಮೈಸೂರು ರಾಜ್ಯಕ್ಕೆ ಸೇರಿದುವು. ಗಡಿ ಬದಲಾಯಿತು; ಪಂದ್ಯಕ್ಕೆ ಹೋಗುವ ದಾರಿ ಬದಲಾಗಲಿಲ್ಲ.

ಆ ದಾರಿಯಲ್ಲಿಯೇ 2024ರ ಜನವರಿ 28ರ ಭಾನುವಾರ ನಾವೂ ಹೊರಟೆವು. ಉಪ್ಪಲ್ಲಿನ ಮೈದಾನದಲ್ಲಿ ಇಂಗ್ಲೆಂಡಿನೊಡನೆ ನಡೆಯುತ್ತಿದ್ದ ಟೆಸ್ಟ್ ಪಂದ್ಯದ ನಾಲ್ಕನೆಯ ದಿನ ಅದು. ನೋಟಕನ ದಿನ ಆಟಗಾರನ ದಿನಕ್ಕಿಂತ ಬಹು ಮೊದಲೇ ಆರಂಭವಾಗುತ್ತದೆ. ನಸುಕಿನ ನಾಲ್ಕಕ್ಕೆ ಬಸವಕಲ್ಯಾಣವನ್ನು ಬಿಟ್ಟು, ಸಸ್ತಾಪುರ ಬಂಗ್ಲಾದ ಬಳಿ ಹೆದ್ದಾರಿಯನ್ನು ಸೇರಿ, ಹುಮನಾಬಾದಿನಲ್ಲಿ ಒಬ್ಬ ನಿವೃತ್ತ ಮಾಸ್ತರರನ್ನೂ ನಾಲ್ವರು ಕಾಲೇಜು ಹುಡುಗರನ್ನೂ ಗಾಡಿಗೆ ಹತ್ತಿಸಿಕೊಂಡೆವು. ಜಹೀರಾಬಾದು ದಾಟುವ ಹೊತ್ತಿಗೆ ಸೂರ್ಯನು ನೇರವಾಗಿ ಮುಖಕ್ಕೇ ಉದಯಿಸಿದನು. ಮೈದಾನದೊಳಕ್ಕೆ ಬುತ್ತಿಯನ್ನು ಒಯ್ಯುವಂತಿಲ್ಲವೆಂದು ತಿಳಿದಿದ್ದುದರಿಂದ, ಸದಾಶಿವಪೇಟೆಯ ಬಳಿ ಒಂದು ಮರದ ಕೆಳಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರುಗಳನ್ನು ಮುಗಿಸಿಬಿಟ್ಟೆವು. ಆ ದಿನದ ಆಟದಲ್ಲಿ ನಮ್ಮ ಪಕ್ಷಕ್ಕೆ ದೊರೆತ ನಿರ್ವಿವಾದವಾದ ಜಯ ಅದೊಂದೇ ಎಂದು ಆಮೇಲೆ ತೋರಿತು.

ನಾವು ಹೋದುದು ಗೆಲವನ್ನು ನೋಡಲಿಕ್ಕೆ. ಭಾರತವು ಮೊದಲ ಸರದಿಯಲ್ಲಿ 190 ರನ್ನುಗಳಷ್ಟು ಮುಂದಿದ್ದಿತು. ಆದರೆ ಇಂಗ್ಲೆಂಡಿನ ಓಲಿ ಪೋಪ್ ಹಿಂದಿನ ದಿನದಿಂದಲೂ ಅಲುಗಾಡದೆ ನಿಂತಿದ್ದನು. ಮನೆಯಲ್ಲಿ ಕುಳಿತು ಪರದೆಯ ಮೇಲೆ ನೋಡುವವನಿಗೆ ಚೆಂಡು ಕಾಣುತ್ತದೆ, ಹೊಡೆತ ಕಾಣುತ್ತದೆ. ಎರಡು ಚೆಂಡುಗಳ ನಡುವಣ ಹೊತ್ತು ಕಾಣುವುದಿಲ್ಲ. ಮೈದಾನದಲ್ಲಿ ಕುಳಿತವನ ಪಾಲಿಗೆ ಬರುವುದು ಮುಖ್ಯವಾಗಿ ಆ ಹೊತ್ತೇ. ಅಶ್ವಿನನು ಒಬ್ಬ ಕ್ಷೇತ್ರರಕ್ಷಕನನ್ನು ಎರಡು ಹೆಜ್ಜೆ ಹಿಂದಕ್ಕೆ ಕಳುಹಿಸುತ್ತಾನೆ. ಪೋಪ್ ಅದನ್ನು ಕಣ್ಣಿನಲ್ಲೇ ಅಳೆದುಕೊಳ್ಳುತ್ತಾನೆ. ಮುಂದಿನ ಚೆಂಡನ್ನು ದಾಂಡನ್ನು ತಿರುಗಿಸಿ ಹಿಡಿದು ಖಾಲಿ ಬಿಟ್ಟ ಕಡೆಗೇ ತಳ್ಳುತ್ತಾನೆ. ಈ ಮೌನವಾದ ವ್ಯವಹಾರವು ಅರ್ಥವಾಗತೊಡಗಿದ ಮೇಲೆ ಹೊತ್ತು ಹೋದುದೇ ತಿಳಿಯುವುದಿಲ್ಲ.

ಕೊನೆಯ ವಿಕೆಟ್ಟಾಗಿ, ಬುಮ್ರಾನ ಚೆಂಡಿಗೆ ಗೂಟ ಕಳಚಿಕೊಂಡಾಗ ಪೋಪನ ರನ್ನು 196. ಇನ್ನೂರಕ್ಕೆ ನಾಲ್ಕು ಕಡಮೆ. ನಮ್ಮ ಹುಡುಗರು ಕುಣಿದಾಡಿದರು. ಮಾಸ್ತರರು ಮಾತ್ರ ಎದ್ದುನಿಂತು, ಅವನು ಹೊರಗೆ ನಡೆಯುತ್ತಿದ್ದಷ್ಟು ಹೊತ್ತೂ ಚಪ್ಪಾಳೆ ತಟ್ಟಿದರು.

“ಮಾಸ್ತರ್ರೇ, ನೀವು ಯಾರ ಕಡಿ ಇದ್ದೀರಿ?” ಎಂದು ಒಬ್ಬ ಹುಡುಗ ಕೇಳಿಯೇಬಿಟ್ಟನು.

“ನಾ ನಿಮ್ಮ ಕಡಿನೇ ಇದ್ದೀನಪ್ಪಾ. ಆದರ ಅಂವ ಆಡ್ಯಾನ, ನಾ ನೋಡೀನಿ. ನೋಡೇ ಇಲ್ಲ ಅಂತ ಸುಳ್ಳು ಹೆಂಗ ಹೇಳ್ಲಿ?”

ಹುಡುಗರು ನಕ್ಕರು; ಒಪ್ಪಿದಂತೆ ಕಾಣಲಿಲ್ಲ. ಗೆಲ್ಲಲು ಬೇಕಾದುದು 231. ಟಾಮ್ ಹಾರ್ಟ್ಲಿ ಎಂಬ ಎಡಗೈ ಬೌಲರನಿಗೆ ಇದೇ ಮೊದಲ ಟೆಸ್ಟ್. ಮೊದಲ ಸರದಿಯಲ್ಲಿ ಅವನ ಮೊದಲನೆಯ ಚೆಂಡನ್ನೇ ಜೈಸ್ವಾಲ್ ಸಿಕ್ಸರಿಗೆ ಅಟ್ಟಿದ್ದನು. ಎರಡು ವಿಕೆಟ್ಟಿಗೆ 131 ರನ್ನು ತೆತ್ತಿದ್ದನು. ಅಂಥವನನ್ನು ನಾಯಕ ಸ್ಟೋಕ್ಸ್ ಮರಳಿ ಮರಳಿ ಕರೆದು ಚೆಂಡು ಕೊಟ್ಟನು. 119 ರನ್ನಿಗೆ ನಮ್ಮ ಏಳು ಮಂದಿ ಹಿಂದಿರುಗಿದರು. ಅಶ್ವಿನ್ ಮತ್ತು ಭರತ್ 57 ರನ್ನು ಕೂಡಿಸಿ ಆಸೆಯನ್ನು ಹುಟ್ಟಿಸಿದರು. ಹಾರ್ಟ್ಲಿ ಅವರಿಬ್ಬರನ್ನೂ ಕಳುಹಿಸಿದನು. 28 ರನ್ನುಗಳಿಂದ ಸೋಲು. 62 ರನ್ನಿಗೆ ಅವನ ಏಳು ವಿಕೆಟ್ಟುಗಳು.

ಆ ಕ್ಷಣದಲ್ಲಿ ನಮಗೂ ದುಃಖವಾಯಿತು. 350 ಕಿಲೋಮೀಟರಿಗೆ ಸಮೀಪದ ಹೋಗಿಬರುವ ಪ್ರಯಾಣ, ಟಿಕೆಟ್ಟಿನ ಹಣ, ಕೆಟ್ಟ ನಿದ್ದೆ, ಇವೆಲ್ಲ ಸೋಲನ್ನು ನೋಡುವುದಕ್ಕೇ ಎಂದು ಯಾರಾದರೂ ಕೇಳಿದರೆ ಉತ್ತರವೇನು? ಉತ್ತರವು ಅದೇ ಮೈದಾನದಲ್ಲಿ ಮೊದಲೇ ದೊರೆತಿದೆ. 2009ರ ನವೆಂಬರ್ 5ರಂದು ಆಸ್ಟ್ರೇಲಿಯದ 350 ರನ್ನುಗಳನ್ನು ಬೆನ್ನಟ್ಟಿ ಸಚಿನ್ ತೆಂಡೂಲ್ಕರ್ 175 ಹೊಡೆದರು. ಭಾರತವು ಮೂರೇ ರನ್ನುಗಳಿಂದ ಸೋತಿತು. ಅಂದು ಅಲ್ಲಿದ್ದವರನ್ನು ಕೇಳಿ ನೋಡಿ: ಆ 175ನ್ನು ವರ್ಣಿಸುತ್ತಾರೆ, ಸೋಲಿನ ಮಾತು ಕೊನೆಗೆ ಬಂದರೂ ಬರಬಹುದು. ಫಲಿತಾಂಶವನ್ನು ಪತ್ರಿಕೆ ಎಲ್ಲರಿಗೂ ಸಮನಾಗಿ ಹಂಚುತ್ತದೆ. ಕಣ್ಣಾರೆ ಕಂಡುದು ಕಂಡವನ ಸ್ವಂತ ಆಸ್ತಿ. ಎದುರಾಳಿಯ ಆಟಕ್ಕೆ ಕಣ್ಣು ಮುಚ್ಚಿಕೊಂಡವನು ಈ ಆಸ್ತಿಯಲ್ಲಿ ಅರ್ಧವನ್ನು ತಾನಾಗಿಯೇ ಬಿಟ್ಟುಕೊಡುತ್ತಾನೆ.

ಹಿಂದಿರುಗುವಾಗ ಸಂಗಾರೆಡ್ಡಿಯವರೆಗೆ ಗಾಡಿಯಲ್ಲಿ ಮಾತಿಲ್ಲ. ಆಮೇಲೆ, ಮಾಸ್ತರರನ್ನು ಪ್ರಶ್ನಿಸಿದ್ದ ಹುಡುಗನೇ ಒಂದು ಕಿತ್ತಳೆಹಣ್ಣನ್ನು ಬೆರಳುಗಳಲ್ಲಿ ಹಿಡಿದು, ಹಾರ್ಟ್ಲಿ ಚೆಂಡನ್ನು ಹೇಗೆ ತಿರುಗಿಸುತ್ತಿದ್ದಿರಬಹುದೆಂದು ಗೆಳೆಯರಿಗೆ ತೋರಿಸತೊಡಗಿದನು. ಮಾಸ್ತರರು ನಿದ್ದೆ ಹೋಗಿದ್ದರು.

ಎಲ್ಲರಿಗೂ ಹೈದರಾಬಾದಿಗೆ ಹೋಗಲು ಅನುಕೂಲವಿರದು. ಆದರೆ ಪ್ರತಿ ಊರಿನ ಬಯಲಿನಲ್ಲಿಯೂ ಸಂಜೆ ಹುಡುಗರು ಆಡುತ್ತಾರೆ; ಪಕ್ಕದ ಊರಿನ ತಂಡವೂ ಬರುತ್ತದೆ. ಹಿರಿಯರು ಅಲ್ಲಿ ಒಂದು ಗಳಿಗೆ ನಿಂತು, ಆ ಪಕ್ಕದೂರಿನ ಹುಡುಗನ ಒಳ್ಳೆಯ ಹೊಡೆತಕ್ಕೂ ಚಪ್ಪಾಳೆ ತಟ್ಟಲಿ. ನಮ್ಮ ಹುಡುಗರು ಮೊದಲು ಮುಖ ಗಂಟಿಕ್ಕಿಕೊಂಡಾರು. ಮರುದಿನ ಆ ಹೊಡೆತವನ್ನೇ ಅಭ್ಯಾಸಮಾಡಿಯಾರು.