ತೆನೆ ಹಬ್ಬದ ಕಟ್ಟಳೆ



ಸೆಪ್ಟೆಂಬರ್ 8 ಕ್ಯಾಥೊಲಿಕ್ ಸಭೆಗೆ ಮರಿಯಮ್ಮನವರು ಹುಟ್ಟಿದ ದಿನ. ಅಂದಿನ ಪ್ರಾರ್ಥನೆ, ವಾಚನಗಳೆಲ್ಲ ಪೂಜೆಯ ಪುಸ್ತಕದಲ್ಲಿವೆ. ಆದರೆ ಮಂಗಳೂರಿನ ಕೊಂಕಣಿ ಕ್ರೈಸ್ತರ ಅಡುಗೆಮನೆಯಲ್ಲಿ ಅಂದು ಮೀನು ಬೇಯಕೂಡದು ಎಂದು ರೋಮಿನ ಯಾವ ಪುಸ್ತಕವೂ ಹೇಳಿಲ್ಲ. ಮೀನಿಲ್ಲದೆ ಅನ್ನ ಇಳಿಯದ ಮನೆಗಳಲ್ಲಿ ಅಂದು ಬಾಳೆಲೆ ಹಾಸಿ ಪತ್ರೊಡೆ, ಹೀರೆ, ಬೆಂಡೆ, ಹರಿವೆ ದಂಟು ಬಡಿಸುತ್ತಾರೆ. ಪದಾರ್ಥಗಳು ಐದೋ ಏಳೋ ಒಂಬತ್ತೋ, ಲೆಕ್ಕ ಬೆಸವೇ ಆಗಬೇಕು.

ಮೊಂತಿ ಹಬ್ಬ ಎಂದು ಕರೆಯುವ ಈ ತೆನೆ ಹಬ್ಬವನ್ನು ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಲ್ಲಿ ಗೋವೆಯ ಪಾದ್ರಿ ಜೋಕಿಂ ಮಿರಾಂದಾ 1763ರಲ್ಲಿ ಆರಂಭಿಸಿದರು ಎನ್ನುತ್ತಾರೆ. ಇರಬಹುದು. ಆದರೆ ಹೊಸ ತೆನೆಯನ್ನು ಮನೆದುಂಬಿಸಿಕೊಳ್ಳುವುದು ಈ ಕರಾವಳಿಯ ಒಕ್ಕಲುತನದಷ್ಟೇ ಹಳೆಯದು. ತುಳುವರ ಕುರಲ್ ಪರ್ಬದಲ್ಲಿ ಇಂದಿಗೂ ಅದನ್ನು ಕಾಣುತ್ತೇವೆ. ಪಾದ್ರಿಗಳು ಹಬ್ಬಕ್ಕೆ ದಿನ ಕೊಟ್ಟರು, ಜನ ಅದಕ್ಕೆ ತಮ್ಮ ಗದ್ದೆಯನ್ನು ತಂದರು.

ಬರೆದಿಟ್ಟ ಆಜ್ಞೆಗೆ ಎಷ್ಟು ಬಲವಿತ್ತು ಎಂಬುದನ್ನೂ ನೋಡೋಣ. ಗೋವೆಯ ಧರ್ಮವಿಚಾರಣಾ ನ್ಯಾಯಾಲಯವಾದ ಇನ್‌ಕ್ವಿಸಿಷನ್ 1736ರಲ್ಲಿ ಹೊರಡಿಸಿದ ಆಜ್ಞಾಪತ್ರ ಕ್ರೈಸ್ತರ ಮದುವೆ, ಉಡುಗೆ, ಊಟಗಳಲ್ಲಿ ಉಳಿದಿದ್ದ ಹಳೆಯ ಪದ್ಧತಿಗಳನ್ನು ಒಂದೊಂದಾಗಿ ಹೆಸರಿಸಿ ನಿಷೇಧಿಸಿತು. ಮದುಮಕ್ಕಳಿಗೆ ಎಣ್ಣೆ ಪೂಸುವುದೂ ಅದರಲ್ಲಿತ್ತು. ಹೆದರಿಕೆ ಸುಳ್ಳಲ್ಲ, ಶಿಕ್ಷೆಯೂ ಸುಳ್ಳಲ್ಲ. ಆದರೂ ಗೋವೆಯಿಂದ ಬಂದು ಮಂಗಳೂರಿನಲ್ಲಿ ನೆಲೆಸಿದ ಈ ಕ್ರೈಸ್ತರಲ್ಲಿ ಮದುವೆಯ ಮುನ್ನಾದಿನ ತೆಂಗಿನ ಹಾಲು ಪೂಸುವ ರೋಸ್ ಇಂದಿಗೂ ನಡೆಯುತ್ತದೆ. ಅದನ್ನು ಉಳಿಸಿದವರು ಪಂಡಿತರಲ್ಲ. ತೆಂಗಿನಕಾಯಿ ತುರಿದ ಅತ್ತೆಯಂದಿರು, ಹಾಡು ಗೊತ್ತಿದ್ದ ಅಜ್ಜಿಯಂದಿರು.

ನನ್ನ ತಿಳಿವಳಿಕೆಯಲ್ಲಿ ಪದ್ಧತಿ ಉಳಿಯುವ ಗುಟ್ಟು ಇರುವುದು ಇಲ್ಲೇ. ಕೈಗೆ ಕೆಲಸ ಕೊಡುವ ಪದ್ಧತಿ ಬೇರೂರುತ್ತದೆ. ಮೊಂತಿ ಹಬ್ಬದ ಮುಂಚಿನ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ಹೊತ್ತು ಇಗರ್ಜಿಗೆ ಹೋಗುತ್ತಾರೆ. ಹಬ್ಬದ ದಿನ ಪೂಜೆ ಮುಗಿದ ಮೇಲೆ ಅವರ ಕೈಗೆ ಕಬ್ಬು ಬರುತ್ತದೆ. ಆಶೀರ್ವಾದವಾದ ತೆನೆ ಮನೆಮನೆಗೆ ಬರುತ್ತದೆ. ಮನೆಯ ಹಿರಿಯರು ಅದರ ಕಾಳು ಸುಲಿದು, ಅರೆದು, ಹಾಲಿಗೋ ಪಾಯಸಕ್ಕೋ ಬೆರೆಸಿ ಎಲ್ಲರಿಗೂ ಹಂಚುತ್ತಾರೆ. ದೂರದೂರಿನಲ್ಲಿರುವ ಮಗನಿಗೆ, ಮಗಳಿಗೆ ಅಂಚೆಯಲ್ಲಿ ಕಾಳು ಹೋಗುತ್ತದೆ. ಐದು ವರ್ಷದ ಮಗುವಿಗೂ ಎಂಬತ್ತರ ಅಜ್ಜನಿಗೂ ಅವರವರದೇ ಪಾಲಿನ ಕೆಲಸವಿದೆ. ಅರ್ಥ ಕೇಳಿದರೆ ಇಬ್ಬರೂ ಒಂದೇ ಉತ್ತರ ಕೊಟ್ಟಾರು: ಹಿಂದಿನಿಂದ ಬಂದದ್ದು. ಪದಾರ್ಥಗಳ ಬೆಸಸಂಖ್ಯೆಗೆ ಕಾರಣಗಳು ಆಮೇಲೆ ಹುಟ್ಟಿಕೊಂಡವು ಎಂದೇ ನನಗೆ ಅನಿಸುತ್ತದೆ.

ಇದರಲ್ಲಿ ನನಗೆ ಒಪ್ಪಿಗೆಯಾಗದ್ದೂ ಒಂದಿದೆ. ಬರೆಯದ ಕಟ್ಟಳೆಗೆ ತಿದ್ದುಪಡಿ ತರುವ ಸಭೆ ಇಲ್ಲ, ಮೇಲ್ಮನವಿಯೂ ಇಲ್ಲ. ಪಾದ್ರಿಗಳ ಮಾತು ಮೀರಿದರೆ ಕೇಳುವವರು ಒಬ್ಬರು. ವಾಡಿಕೆ ಮೀರಿದರೆ ನೆರೆಕರೆಯೆಲ್ಲ ಕೇಳುತ್ತದೆ. ಹಬ್ಬದ ಹೊತ್ತಿಗೆ ತರಕಾರಿ ತುಟ್ಟಿಯಾದಾಗ ಒಂಬತ್ತು ಪದಾರ್ಥಗಳ ಭಾರ ಬೀಳುವುದು ಬಡವರ ಮನೆಯ ಹೆಂಗಸಿನ ಮೇಲೆ. ಇಂದು ಬೆಂಗಳೂರು, ಮುಂಬಯಿ, ಕೊಲ್ಲಿ ದೇಶಗಳಲ್ಲೂ ಈ ಹಬ್ಬ ನಡೆಯುತ್ತದೆ. ಅಲ್ಲಿ ಗದ್ದೆಯೇ ಇಲ್ಲ, ತೆನೆಯನ್ನು ಊರಿನಿಂದ ತರಿಸಬೇಕು. ಗದ್ದೆ ತಪ್ಪಿದರೂ ಹಬ್ಬ ನಿಂತಿಲ್ಲವೆಂದ ಮೇಲೆ, ಪದಾರ್ಥ ಕಡಿಮೆಯಾದರೆ ನಿಂತೀತೇ? ಮೂರೇ ಪದಾರ್ಥ ಬಡಿಸಿದ ಮನೆಯಲ್ಲಿ ನಾವು ಹೊಟ್ಟೆತುಂಬ ಉಂಡು, ಆ ಮನೆಯನ್ನು ಮತ್ತೆಲ್ಲೂ ಆಡಿಕೊಳ್ಳದೆ ಇದ್ದರೆ ಆ ತಿದ್ದುಪಡಿಯೂ ಬರೆಯದೆಯೇ ಜಾರಿಗೆ ಬರುತ್ತದೆ.