ಬಯಲುಸೀಮೆಯ ಕಡಲು

ನಮ್ಮ ಬಿಜಾಪುರ ಸೀಮೆಗೆ ಕಡಲಿಲ್ಲ. ಆದರೂ ಮಳೆಗಾಲದ ಕೊನೆಯಲ್ಲಿ ಮನಗೂಳಿಯಿಂದ ಹೆದ್ದಾರಿ ಹಿಡಿದು, ನಿಡಗುಂದಿಯನ್ನು ದಾಟಿ ಆಲಮಟ್ಟಿಗೆ ಹೋದವರಿಗೆ ಕಡಲನ್ನೇ ಕಂಡಂತಾಗುವುದು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಶಂಕುಸ್ಥಾಪನೆ ಮಾಡಿದ ಅಣೆಕಟ್ಟಿನ ಹಿಂದೆ ಕೃಷ್ಣೆಯು ಸುಮಾರು 123 ಟಿ.ಎಂ.ಸಿ.ಯವರೆಗೆ ತುಂಬಿ ನಿಲ್ಲುವಳು.

ಅಲ್ಲಿಯ ಉದ್ಯಾನಗಳಲ್ಲಿ ಶಿಲೋದ್ಯಾನವನ್ನು ಹಗಲಿನಲ್ಲಿಯೂ, ಸಂಗೀತಕ್ಕೆ ಕುಣಿಯುವ ಕಾರಂಜಿಯನ್ನು ಕತ್ತಲಾದ ಮೇಲೆಯೂ ನೋಡತಕ್ಕದ್ದು. ಅಣೆಕಟ್ಟಿನ ಬಾಗಿಲುಗಳನ್ನು ತೆರೆಯುವ ಕಾಲದಲ್ಲಿ ಮಾತ್ರ ಯಾರೂ ಹೊಳೆಯ ಪಾತ್ರಕ್ಕೆ ಇಳಿಯಕೂಡದು. ನೀರು ನೋಡನೋಡುತ್ತಲೇ ಏರುವುದು.

ಇನ್ನೊಂದು ಮಾತು. ಈ ಹಿನ್ನೀರಿನ ಕೆಳಗೆ ಊರುಗಳಿದ್ದವು. ಒಕ್ಕಲು ಮಕ್ಕಳು ಮನೆ, ಹೊಲ, ಗುಡಿಗಳನ್ನು ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ಹೋದರು. ವಿಹಾರಕ್ಕೆ ಬಂದವರು ದಡದಲ್ಲಿ ಎಂಜಲೆಲೆಯನ್ನು ಎಸೆಯುವ ಮೊದಲು, ಆ ನೀರಿನಡಿಯಲ್ಲಿ ಇನ್ನೊಬ್ಬರ ಅಂಗಳವಿದೆಯೆಂಬುದನ್ನು ನೆನೆಯಬೇಕು.