ಪೀಣ್ಯದ ಪಿಒ, ವಿಯೆನ್ನಾದ ಕಾನೂನು

ಪೀಣ್ಯದಲ್ಲಿ ಶೆಡ್ ಇಟ್ಟವರು ಈ ಸಭೆಯಲ್ಲಿ ಕೆಲವರಾದರೂ ಇದ್ದೀರಿ. ಪಿಒ, ಅಂದರೆ ಖರೀದಿ ಆದೇಶ, ಬಂದಾಗ ದರ ನೋಡುತ್ತೀರಿ, ಟಾಲರೆನ್ಸ್ ನೋಡುತ್ತೀರಿ, ಡೆಲಿವರಿ ತಾರೀಕು ನೋಡುತ್ತೀರಿ. ಹಿಂಬದಿಯ ಸಣ್ಣಕ್ಷರ ಓದುವವರು ಕೈ ಎತ್ತಿ ನೋಡೋಣ. ನಾಚಿಕೆ ಬೇಡ, ವಕೀಲನಾದ ನಾನೇ ನನ್ನ ಇನ್ಶೂರೆನ್ಸ್ ಪಾಲಿಸಿ ಓದಿಲ್ಲ.

ಜರ್ಮನಿಯ ಕಂಪನಿಗೆ ಸಿಎನ್‌ಸಿಯಲ್ಲಿ ಮಾಡಿದ ಬಿಡಿಭಾಗ ಕಳಿಸಿದಿರಿ ಅನ್ನಿ. ಕರಾರಿನಲ್ಲಿ ಎರಡು ಸಾಲು: ಜರ್ಮನ್ ಕಾನೂನು ಅನ್ವಯ, ವ್ಯಾಜ್ಯವಾದರೆ ಸಿಂಗಾಪುರದಲ್ಲಿ ಮಧ್ಯಸ್ಥಿಕೆ. ಜರ್ಮನ್ ಕಾನೂನೆಂದರೆ ಅವರ ಸಿವಿಲ್ ಸಂಹಿತೆ ಎಂದುಕೊಳ್ಳುತ್ತೇವೆ. ಆದರೆ 1980ರಲ್ಲಿ ವಿಯೆನ್ನಾದಲ್ಲಿ ಆದ ಅಂತರರಾಷ್ಟ್ರೀಯ ಸರಕು ಮಾರಾಟ ಒಡಂಬಡಿಕೆಗೆ ಜರ್ಮನಿ ಸೇರಿದೆ. ಗಡಿ ದಾಟುವ ಸರಕಿನ ಮಟ್ಟಿಗೆ ಅದೂ ಜರ್ಮನ್ ಕಾನೂನೇ. ಭಾರತ ಅದಕ್ಕೆ ಸೇರಿಲ್ಲ. ಆದರೂ ಬೇಡವೆಂದು ಕರಾರಿನಲ್ಲಿ ಬರೆಯದಿದ್ದರೆ ಮಧ್ಯಸ್ಥಗಾರರು ಸಾಮಾನ್ಯವಾಗಿ ಅದನ್ನೇ ಕೈಗೆತ್ತಿಕೊಳ್ಳುತ್ತಾರೆ. ದೆಹಲಿ ಮುಂಬಾಗಿಲಲ್ಲಿ ಒಳಗೆ ಬಿಡದ ಒಡಂಬಡಿಕೆ ನಿಮ್ಮ ಶೆಡ್ಡಿಗೆ ಹಿತ್ತಿಲಿಂದ ಬರುತ್ತದೆ.

ಬಂದರೆ ಕೆಟ್ಟದ್ದೇ? ನನಗೆ ಹಾಗನ್ನಿಸುವುದಿಲ್ಲ. ಈ ಒಡಂಬಡಿಕೆಯ ಪ್ರಕಾರ, ಮಾಲು ಸರಿಯಿಲ್ಲವೆಂದು ಗೊತ್ತಾದ ಮೇಲೆ, ಅಥವಾ ಗೊತ್ತಾಗಬೇಕಿದ್ದ ಹೊತ್ತಿನ ಮೇಲೆ, ಕೊಂಡವರು ಸಮಂಜಸ ಕಾಲದೊಳಗೆ ತಿಳಿಸಬೇಕು. ಹಾಗೆ ತಿಳಿಸದೆ ಮಾಲು ಕೈಸೇರಿ ಎರಡು ವರ್ಷ ದಾಟಿದರೆ ಒಳಗೆ ಅಡಗಿದ್ದ ದೋಷಕ್ಕೂ ದೂರುವ ಹಕ್ಕು ಹೋಯಿತು. ವಾರಂಟಿ ಬೇರೆ ಅವಧಿ ಹೇಳಿದ್ದರೆ, ಅಥವಾ ದೋಷ ನಿಮಗೆ ಗೊತ್ತಿದ್ದೂ ಮುಚ್ಚಿಟ್ಟಿದ್ದರೆ ಮಾತು ಬೇರೆ. ನಮ್ಮ 1930ರ ಸರಕು ಮಾರಾಟ ಕಾಯ್ದೆಯಲ್ಲಿ ಹೀಗೊಂದು ಎರಡು ವರ್ಷದ ಗೆರೆ ಇಲ್ಲ. ಮೂರನೇ ವರ್ಷ ರಿಜೆಕ್ಷನ್ ಮೇಲ್ ಬಂದಾಗ ಆ ಗೆರೆ ಎಷ್ಟು ಬೆಲೆಬಾಳುತ್ತದೆ ಎಂಬುದು ಅನುಭವಿಸಿದವರಿಗೆ ಗೊತ್ತು. ಆದರೂ ಎಷ್ಟೋ ಕರಾರುಗಳಲ್ಲಿ, ಹಳೆಯ ನಮೂನೆಯಿಂದ ನಕಲು ಮಾಡಿ, ಒಡಂಬಡಿಕೆ ಬೇಡವೆಂದು ಹೊಡೆದುಹಾಕಿರುತ್ತಾರೆ.

ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ನವರಿಗೆ ಈ ತಲೆನೋವು ಕಡಿಮೆ. ಕೋಡ್ ಬರೆದುಕೊಡುವ ಕೆಲಸ ಮುಖ್ಯವಾಗಿ ಸೇವೆ. ಈ ಒಡಂಬಡಿಕೆ ಅದನ್ನು ಮುಟ್ಟುವುದಿಲ್ಲ.

ಇನ್ನು ಮಧ್ಯಸ್ಥಿಕೆ ತೀರ್ಪಿನ ಹಣದ ವಸೂಲಿ. ಅದಕ್ಕಿರುವುದು 1958ರ ನ್ಯೂಯಾರ್ಕ್ ಒಡಂಬಡಿಕೆ. ಇದಕ್ಕೆ ಭಾರತ 1960ರಲ್ಲೇ ಸೇರಿತು. ಆದರೆ ಮಧ್ಯಸ್ಥಿಕೆ ಯಾವ ಊರಿನದು ಎಂಬ ಪದವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2005ರಲ್ಲಿ ಇಸ್ರೋದ ವಾಣಿಜ್ಯ ಅಂಗ ಆಂಟ್ರಿಕ್ಸ್, ದೇವಾಸ್ ಮಲ್ಟಿಮೀಡಿಯಾ ಕರಾರು ಮಾಡಿಕೊಂಡವು, ಎರಡೂ ಬೆಂಗಳೂರಿನವೇ. ಮಧ್ಯಸ್ಥಿಕೆಯ ನೆಲೆ ನವದೆಹಲಿ. 2015ರಲ್ಲಿ ದೇವಾಸ್‌ಗೆ 56.25 ಕೋಟಿ ಡಾಲರ್ ಕೊಡಬೇಕೆಂದು ತೀರ್ಪಾಯಿತು. 2022ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಹೀಗೆ ರದ್ದು ಮಾಡುವ ಅಧಿಕಾರ ನೆಲೆಯ ಊರಿನ ನ್ಯಾಯಾಲಯದ್ದು. ನಿಮ್ಮ ಪಿಒದಲ್ಲಿ ಸಿಂಗಾಪುರ ಎಂದಿದ್ದರೆ ರದ್ದು ಕೇಳಲು ಸಿಂಗಾಪುರಕ್ಕೇ ಹೋಗಬೇಕು. ಬೆಂಗಳೂರಿನಲ್ಲಿ ನಿಮಗೆ ಉಳಿಯುವುದು ಜಾರಿಯನ್ನು ತಡೆಯುವ ವಾದವಷ್ಟೇ, ಅದೂ ಬೆರಳೆಣಿಕೆಯ ಕಾರಣಗಳ ಮೇಲೆ.